ಅರವತ್ತು ಲಕ್ಷ ವರ್ಷದ ನೆಗಡಿ

ಸಭೆಯ ಅಧ್ಯಕ್ಷತೆ ವಹಿಸಿರುವ ನಮ್ಮ ನಿರ್ದೇಶಕರೇ, ಮುಖ್ಯ ಅತಿಥಿಗಳಾಗಿ ಬಂದಿರುವ, ಈ ಪ್ರಯೋಗಾಲಯವನ್ನು ಕಟ್ಟಿ ಬೆಳೆಸಿದ ದೊಡ್ಡ ಸರ್ ಅವರೇ, ವೇದಿಕೆಯ ಮೇಲಿನ ಗಣ್ಯರೇ, ವೇದಿಕೆಯ ಕೆಳಗೆ ಕುಳಿತಿರುವ ಇನ್ನೂ ದೊಡ್ಡ ಗಣ್ಯರೇ, ನನ್ನ ಸಹೋದ್ಯೋಗಿಗಳೇ, ಸಭಿಕರೇ,

ವಾರ್ಷಿಕೋತ್ಸವದ ದಿನವೇ ನನ್ನ ಬೀಳ್ಕೊಡುಗೆಯನ್ನೂ ಇಟ್ಟುಕೊಂಡಿದ್ದೀರಿ. ಒಂದೇ ಚಪ್ಪರದಲ್ಲಿ ಎರಡು ಮದುವೆ. ನಿರೂಪಕಿ ನನಗೆ ಎಂಟು ನಿಮಿಷ ಕೊಟ್ಟಿದ್ದಾರೆ. ಇಪ್ಪತ್ತೆಂಟು ವರ್ಷ ಬಾಯಿಗೆ ಮಾಸ್ಕ್ ಕಟ್ಟಿಕೊಂಡು ಕೆಲಸ ಮಾಡಿದವಳ ಕೈಗೆ ಮೈಕು ಕೊಡುವ ಮೊದಲು ನೀವು ಯೋಚಿಸಬೇಕಿತ್ತು.

ನಮ್ಮ ಕೆಲಸ ಏನು ಎಂದು ಹೊರಗಿನವರು ಕೇಳಿದರೆ ನಾನು ಹೇಳುತ್ತಿದ್ದದ್ದು ಇಷ್ಟೇ: ಚಿಂಪಾಂಜಿಯ ಲದ್ದಿಯಲ್ಲಿ ಅದರ ಅಜ್ಜಿಯನ್ನು ಹುಡುಕುವುದು. ನಮ್ಮ ಮನೆಯವರು ಇದನ್ನು ಮದುವೆಯಾದ ಮೇಲೆ ತಿಳಿದುಕೊಂಡರು. ಆಫ್ರಿಕಾದ ಕಾಡುಗಳಿಂದ ಡಬ್ಬಿಗಳು ಬರುತ್ತಿದ್ದವು. ಮುಚ್ಚಳ ತೆಗೆದು, ತೊಳೆದು, ಸೋಸಿ, ಕಣ್ಣಿಗೆ ಕಾಣದ ವಂಶವಾಹಿಯನ್ನು ಕೊಳವೆಗೆ ಇಳಿಸುವುದು ನನ್ನ ಪಾಲಿನ ಕೆಲಸ. ಒಮ್ಮೆ ಬಾಯಿತಪ್ಪಿ ಚಿಂಪಾಂಜಿಯನ್ನು ಮಂಗ ಎಂದುಬಿಟ್ಟೆ. ದೊಡ್ಡ ಸರ್ ಕನ್ನಡಕ ತೆಗೆದು, "ಬಾಲ ಎಲ್ಲಿದೆಯಮ್ಮಾ? ತೋರಿಸು ನೋಡೋಣ" ಎಂದಿದ್ದರು. ಅಂದಿನಿಂದ ಈ ಕಟ್ಟಡದಲ್ಲಿ ಬಾಲವಿಲ್ಲದ ಯಾರನ್ನೂ ನಾನು ಮಂಗ ಎಂದಿಲ್ಲ.

ಇಲ್ಲಿ ನಾನು ಕಲಿತದ್ದು ಕಡಿಮೆಯೇ? ಒಂದು ನದಿಯ ಆಚೆ ಈಚೆ ದಡದ ಚಿಂಪಾಂಜಿಗಳ ನಡುವೆ ಇರುವಷ್ಟು ವ್ಯತ್ಯಾಸ ಭೂಮಿಯ ಎರಡು ತುದಿಗಳ ಮನುಷ್ಯರ ನಡುವೆ ಇಲ್ಲ. ಜಾತಿ, ಬಣ್ಣ, ಮನೆತನ ಎಂದು ನಾವು ಇಷ್ಟೊಂದು ಹಾರಾಡುತ್ತೇವಲ್ಲ, ಚಿಂಪಾಂಜಿಗಳು ನಮ್ಮನ್ನು ನೋಡಿದರೆ ಎಲ್ಲರೂ ಒಂದೇ ಅಚ್ಚು ಎನ್ನಬಹುದು. ಇನ್ನೊಂದು ಸಂಗತಿ. ರೋಗದ ಜೊತೆ ಹೋರಾಡುವ ನಮ್ಮ ಕೆಲವು ವಂಶವಾಹಿಗಳ ನಮೂನೆಗಳು ಮನುಷ್ಯನಿಗಿಂತಲೂ ಹಳೆಯವು. ಅರವತ್ತು ಲಕ್ಷ ವರ್ಷದ ಹಿಂದೆ ನಾವೂ ಚಿಂಪಾಂಜಿಯೂ ಬೇರೆ ಬೇರೆ ದಾರಿ ಹಿಡಿಯುವ ಮೊದಲೇ ಇದ್ದವು. ಪಾಲು ಮಾಡಿಕೊಂಡು ಮನೆ ಬಿಟ್ಟ ಅಣ್ಣತಮ್ಮಂದಿರು ಒಂದೇ ನಮೂನೆಯ ಪಾತ್ರೆಗಳನ್ನು ಹೊತ್ತುಕೊಂಡು ಹೋದ ಹಾಗೆ.

ಸರ್ ಅವರಿಗೆ ಅಂಥದೊಂದು ನಮೂನೆ ಸಿಕ್ಕಿತು. ಹಿರಿಯರಿಗೆ ನೆನಪಿದೆ. ಮನುಷ್ಯರಲ್ಲಿ ಸಾವಿರಾರು ಜನರಲ್ಲಿ ಒಬ್ಬರಿಗೆ ಇರುವ ಅಪರೂಪದ ನಮೂನೆ, ನಮಗೆ ಡಬ್ಬಿ ಬರುತ್ತಿದ್ದ ಒಂದು ಕಾಡಿನ ಚಿಂಪಾಂಜಿಗಳಲ್ಲಿ. ಪತ್ರಿಕೆಗಳಲ್ಲಿ ಬಂತು. ಎರಡು ವರ್ಷ ಆ ನಮೂನೆಯ ಸಂಖ್ಯೆಯನ್ನು ಚೀಟಿಗಳ ಮೇಲೆ ಬರೆದು ಅಂಟಿಸಿದವಳು ನಾನೇ. ಆಮೇಲೆ ಬೇರೊಂದು ಪ್ರಯೋಗಾಲಯದವರು ಅದೇ ಕಾಡಿಗೆ ಹೋಗಿ ಹುಡುಕಿದರು. ಸಿಗಲಿಲ್ಲ. ಮತ್ತೆ ಹುಡುಕಿದರು. ಸಿಗಲಿಲ್ಲ. ಸರ್ ತಮ್ಮ ಲೇಖನವನ್ನು ವಾಪಸ್ಸು ಪಡೆದರು. ಮನುಷ್ಯರದೇ ಏನೋ ಕೊಳವೆಗೆ ಸೇರಿದೆ ಎಂದು ಗೊತ್ತಾಯಿತು. ಯಾರದು?

ಎಲ್ಲರ ಉಗುಳನ್ನೂ ಪರೀಕ್ಷಿಸಬೇಕೆಂದು ತೀರ್ಮಾನವಾಯಿತು. ಸಂಗ್ರಹಿಸುವ ಕೆಲಸ ನನಗೆ ಬಂತು. ನನ್ನ ಕೈ ಶುದ್ಧ ಎಂದು ಎಲ್ಲರಿಗೂ ನಂಬಿಕೆ.

ಸಭಿಕರೇ, ಆ ಚಿಂಪಾಂಜಿಗಳ ಡಬ್ಬಿಗಳನ್ನು ತೆರೆದ ವಾರ ನನಗೆ ನೆಗಡಿಯಾಗಿತ್ತು. ನೆಗಡಿಯಾದವರು ಒಳಕೋಣೆಗೆ ಹೋಗಬಾರದು ಎಂದು ಬಾಗಿಲ ಮೇಲೆ ಬರೆದಿತ್ತು, ಬರೆದವಳೂ ನಾನೇ. ಆದರೆ ಒಂಬತ್ತು ವರ್ಷ ತಾತ್ಕಾಲಿಕಳಾಗಿದ್ದ ನನ್ನ ಖಾಯಂ ನೇಮಕದ ಸಂದರ್ಶನ ಅದೇ ಶುಕ್ರವಾರ. ಆ ವಾರ ರಜೆ ಹಾಕುವ ಧೈರ್ಯ ಬರಲಿಲ್ಲ. ಮಾಸ್ಕ್ ಒದ್ದೆಯಾಗಿ ಉಸಿರು ಕಟ್ಟಿತು, ಗಲ್ಲಕ್ಕೆ ಇಳಿಸಿದೆ. ಸೀನಿದೆ. ಒಮ್ಮೆ ಅಲ್ಲ.

ಉಗುಳು ಸಂಗ್ರಹಿಸುವಾಗ ನಾನು ಏನು ಮಾಡಿದೆ? ನಮ್ಮ ಜೀಪಿನ ಡ್ರೈವರಣ್ಣನ ಉಗುಳನ್ನು ಎರಡು ಪಾಲು ಮಾಡಿ ಒಂದರ ಮೇಲೆ ನನ್ನ ಹೆಸರು ಅಂಟಿಸಿದೆ. ಆ ಒಂದು ನಮೂನೆ ಇದೆಯೋ ಇಲ್ಲವೋ ಎಂದಷ್ಟೇ ನೋಡಿದ್ದರಿಂದ ಯಾರಿಗೂ ತಿಳಿಯಲಿಲ್ಲ. ದಾಖಲೆಯ ಪ್ರಕಾರ ನಾವಿಬ್ಬರೂ ಅವಳಿಜವಳಿ. ನಗಬೇಡಿ. ಮುಂದಿನದು ನಗುವ ವಿಷಯವಲ್ಲ.

ನಮ್ಮಲ್ಲಿ ಗಾಜಿನ ಸಾಮಾನು ತೊಳೆಯುವ ಹೆಂಗಸೊಬ್ಬರಿದ್ದರು. ಗಾಜಕ್ಕ ಎನ್ನುತ್ತಿದ್ದೆವು. ಬಾಟಲಿಯನ್ನು ಕಿಟಕಿಯ ಬೆಳಕಿಗೆ ಹಿಡಿದು, ತಿರುಗಿಸಿ, ಒಂದು ಹನಿ ಕಲೆ ಕಂಡರೆ ಇಡೀ ಬುಟ್ಟಿಯನ್ನು ಮತ್ತೆ ತೊಳೆಯುವವರು. ಹೊಸದಾಗಿ ಸೇರಿದಾಗ ನನಗೆ ಬಾಟಲಿ ಹಿಡಿಯಲು ಕಲಿಸಿದವರು ಅವರೇ. ನಾನು ಕೊಳವೆ, ಒಪ್ಪಿಗೆ ಪತ್ರ ಹಿಡಿದುಕೊಂಡು ಹೋದಾಗ ಗಾಜಕ್ಕ, "ನಾನು ತೊಳೆಯೋಕೆ ಬಂದಿರೋದು, ಉಗುಳೋಕಲ್ಲ. ಕಾಗದದಲ್ಲಿ ಏನು ಬರೆದಿದೆ ಅಂತ ಗೊತ್ತಿಲ್ಲದೆ ಹೆಬ್ಬೆಟ್ಟು ಒತ್ತಲ್ಲ" ಎಂದರು. ಓದಿ ಹೇಳಬೇಕಾದವಳು ನಾನು. "ಬೇಡದಿದ್ದರೆ ಬಿಡಿ ಅಕ್ಕಾ" ಎಂದು ಸುಮ್ಮನೆ ಬಂದುಬಿಟ್ಟೆ.

ಯಾರದೂ ಹೊಂದಲಿಲ್ಲ. ಉಳಿದವರು ಗಾಜಕ್ಕ ಒಬ್ಬರೇ. ಮೇಲಿನ ಸಭಾಕೊಠಡಿಯಲ್ಲಿ ಎಲ್ಲರನ್ನೂ ಸೇರಿಸಿದರು. ಮೂವತ್ತು ಜನರ ಮುಂದೆ ಸರ್ ಕೇಳಿದರು: "ತೊಳೆಯೋ ಕೈಯೇ ಕೊಳಕಾದರೆ ಸಂಶೋಧನೆಯ ಗತಿ ಏನು?" ಗಾಜಕ್ಕ ಒಮ್ಮೆ ನನ್ನ ಕಡೆ ನೋಡಿದರು. ನಾನು ನನ್ನ ಪೆನ್ನು ನೋಡಿಕೊಂಡೆ. ಮರುದಿನದಿಂದ ಅವರಿಗೆ ಕೆಲಸವಿಲ್ಲ. ಮಂಗ ತಾನು ಮೊಸರು ತಿಂದು ಮೇಕೆಯ ಬಾಯಿಗೆ ಒರೆಸಿತಂತೆ. ಸರ್, ಕ್ಷಮಿಸಿ, ಈ ಮಂಗಕ್ಕೂ ಬಾಲವಿರಲಿಲ್ಲ.

ಖಾತ್ರಿ ಇಲ್ಲವಲ್ಲ, ನನ್ನದೇ ಎಂದು ಯಾರು ಕಂಡರು ಎಂದು ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡೆ. ಖಾತ್ರಿ ಇಲ್ಲದವಳು ಡ್ರೈವರಣ್ಣನ ಉಗುಳನ್ನು ಯಾಕೆ ಪಾಲು ಮಾಡಿದಳು? ಈ ಪ್ರಶ್ನೆಯನ್ನು ಮಾತ್ರ ಕೇಳಿಕೊಳ್ಳಲಿಲ್ಲ.

ಹೋದ ವರ್ಷ ನನ್ನ ತಂಗಿಗೆ ರಕ್ತದ ಕಾಯಿಲೆಯಾಯಿತು. ಅಸ್ಥಿಮಜ್ಜೆ ಕೊಡಬೇಕು, ಒಡಹುಟ್ಟಿದವರದು ಹೊಂದುತ್ತದೋ ನೋಡಬೇಕು ಎಂದರು. ಹೊಂದಿಸಿ ನೋಡುವುದೂ ರೋಗದ ಜೊತೆ ಹೋರಾಡುವ ಅದೇ ವಂಶವಾಹಿಗಳನ್ನು. ಡಾಕ್ಟರು ವರದಿ ಹಿಡಿದು, "ನಿಮ್ಮಿಬ್ಬರದೂ ತುಂಬ ಅಪರೂಪದ ನಮೂನೆ, ಹೊರಗಿನವರಲ್ಲಿ ಹುಡುಕಿದ್ದರೆ ಸಿಗೋದು ಕಷ್ಟವಿತ್ತು" ಎಂದರು. ವರದಿಯಲ್ಲಿದ್ದ ಸಂಖ್ಯೆ ನೋಡಿದೆ. ಎರಡು ವರ್ಷ ಕೈಯಾರೆ ಬರೆದ ಸಂಖ್ಯೆ ಮರೆಯುತ್ತದೆಯೇ? ಅದು ಚಿಂಪಾಂಜಿಯ ಆಸ್ತಿಯಲ್ಲ, ನಮ್ಮಮ್ಮ ನಮಗಿಬ್ಬರಿಗೂ ಕೊಟ್ಟದ್ದು. ಆ ಕುರ್ಚಿಯಲ್ಲಿ ಕುಳಿತು ತಂಗಿ ಉಳಿಯುತ್ತಾಳೆಂದು ಅತ್ತೆ. ನಾಚಿಕೆಯಿಂದಲೂ ಅತ್ತೆ. ಯಾವ ಕಣ್ಣೀರು ಯಾವುದೆಂದು ಡಾಕ್ಟರಿಗೆ ತಿಳಿಯಲಿಲ್ಲ. ತಂಗಿ ಈಗ ಚೆನ್ನಾಗಿದ್ದಾಳೆ.

ಮೂರು ವಾರದ ಹಿಂದೆ ಗಾಜಕ್ಕನ ಮನೆ ಹುಡುಕಿಕೊಂಡು ಹೋದೆ. ತಮ್ಮನ ಇಸ್ತ್ರಿ ಅಂಗಡಿಯ ಮಹಡಿಯ ಮೇಲಿದ್ದಾರೆ. ಅಡುಗೆಮನೆಯಲ್ಲಿ ನಿಂತು ಎಲ್ಲ ಹೇಳಿದೆ. ಅವರು ಲೋಟ ತೊಳೆಯುತ್ತಿದ್ದರು, ನಿಲ್ಲಿಸಲಿಲ್ಲ. ಬೈಯುತ್ತಾರೆಂದು ಕಾದೆ. ಕ್ಷಮಿಸುತ್ತಾರೆಂದೂ ಆಸೆಯಿತ್ತು, ಸುಳ್ಳು ಯಾಕೆ ಹೇಳಲಿ. ಕೊನೆಗೆ ಲೋಟ ಬೋರಲು ಹಾಕಿ ಹೇಳಿದರು: "ನನ್ನನ್ನ ಕೊಳಕಿ ಅಂದಿದ್ದು ಮೂವತ್ತು ಜನರ ಮುಂದೆ. ನೀನು ಬಂದು ಅಡುಗೆಮನೇಲಿ ಪಿಸುಗುಟ್ತೀಯ. ಅಲ್ಲಿ ಹೇಳು, ಅಲ್ಲಿ."

ಅಲ್ಲಿ ಎಂದರೆ ಇಲ್ಲಿ. ಅದಕ್ಕೇ ಈ ಸಮಾರಂಭಕ್ಕೆ ಒಪ್ಪಿದೆ.

ನಿರೂಪಕಿ ಚೀಟಿ ಕಳಿಸಿದ್ದಾರೆ, ಸಮಯವಾಯಿತು ಎಂದು. ತಾಯಿ, ಹತ್ತೊಂಬತ್ತು ವರ್ಷ ತಡವಾಗಿದೆ, ಇನ್ನೆರಡು ನಿಮಿಷ ತಡೆಯಿರಿ. ಮೈಕು ನಾನು ಬಿಡುವುದಿಲ್ಲ.

ನಿರ್ದೇಶಕರೇ, ಬೆಳಿಗ್ಗೆ ನಿಮ್ಮ ಮೇಜಿನ ಮೇಲೆ ಒಂದು ಲಕೋಟೆ ಇಟ್ಟಿದ್ದೇನೆ. ನನ್ನ ಸಹಿಯ ಹೇಳಿಕೆ, ಆಸ್ಪತ್ರೆಯ ವರದಿ ಅದರಲ್ಲಿವೆ. ನನ್ನ ಉಗುಳನ್ನೂ ಕೊಟ್ಟಿದ್ದೇನೆ, ಈ ಸಲ ನನ್ನದೇ. ಆ ಹಳೆಯ ಕೊಳವೆಗಳು ಕೆಳಗಿನ ಶೀತಲಗೃಹದಲ್ಲಿ ಇನ್ನೂ ಇವೆ, ಹೋಲಿಸಿ ನೋಡಿ. ನನಗೆ ಕೊಡಲೆಂದು ತಂದ ಫಲಕದ ಮೇಲೆ ನಿಷ್ಕಳಂಕ ಸೇವೆ ಎಂದು ಕೆತ್ತಿಸಿದ್ದೀರಿ. ಅದನ್ನು ಮನೆಗೆ ಒಯ್ಯುವುದಿಲ್ಲ. ನನ್ನ ಮೇಲೆ ಏನು ಕ್ರಮ ತೆಗೆದುಕೊಂಡರೂ ಸರಿ. ಗಾಜಕ್ಕನ ಕಡತದಲ್ಲಿ ಕೊಳವೆ ಕೆಡಿಸಿದವರು ಇವರೇ ಎಂದು ಬರೆದಿರುವ ಒಂದು ಸಾಲನ್ನು ಹೊಡೆದುಹಾಕುವವರೆಗೆ ನಾನು ದಿನಾ ನಿಮ್ಮ ಬಾಗಿಲಿಗೆ ಬರುತ್ತೇನೆ. ನಿವೃತ್ತಳಿಗೆ ಬೇರೆ ಕೆಲಸವೇನಿದೆ?

ಈಗ ಒಂದು ಕೋರಿಕೆ. ಆ ದಿನ ಮೇಲಿನ ಕೊಠಡಿಯಲ್ಲಿ ಇದ್ದವರು ದಯವಿಟ್ಟು ಎದ್ದು ನಿಲ್ಲಬೇಕು. ಲೆಕ್ಕಾಧಿಕಾರಿಗಳೇ, ನೀವು ಕಿಟಕಿಯ ಪಕ್ಕ ಇದ್ದಿರಿ. ಡ್ರೈವರಣ್ಣಾ, ಏಳಿ. ಗ್ರಂಥಪಾಲಕಿಯವರೇ, ನೀವೂ. ಏಳು, ಎಂಟು, ಒಂಬತ್ತು. ದೊಡ್ಡ ಸರ್, ತಮಗೆ ಮಂಡಿನೋವು, ಗೊತ್ತು. ಸುಳ್ಳು ನನ್ನದು, ಮಾತು ತಮ್ಮದು. ನಾನು ಕಾಯುತ್ತೇನೆ.

ಧನ್ಯವಾದ ಸರ್.

ಎಲ್ಲರೂ ಹಿಂದಕ್ಕೆ ತಿರುಗಿ. ಕೊನೆಯ ಸಾಲಿನಲ್ಲಿ, ಬಾಗಿಲ ಹತ್ತಿರ, ತಮ್ಮನ ಪಕ್ಕ ಕುಳಿತಿದ್ದಾರೆ. ಗಾಜಕ್ಕಾ, ನೀವು ತೊಳೆದ ಒಂದೊಂದು ಬಾಟಲಿಯೂ ಶುಭ್ರವಾಗಿತ್ತು. ಕೊಳಕು ನನ್ನದು. ಬೇಡ ಅಕ್ಕಾ, ನೀವು ಏಳಬೇಡಿ, ಕೂತಿರಿ. ಈ ಹೊತ್ತು ನಿಲ್ಲಬೇಕಾದವರು ನಾವು.

ಇಷ್ಟು ಹೊತ್ತು ಕೇಳಿಸಿಕೊಂಡ ನಿಮಗೆಲ್ಲ ನಾನು ಋಣಿ. ನಮಸ್ಕಾರ.