ಹತ್ತಿ ಬಡಿದ ದಕ್ಕೆ

ಅಲ್ಲ ಮಕ್ಕಳೇ, ಈ ಕಿಟಕಿಯ ಕೆಳಗೆ ಕಾಣುವುದಲ್ಲ, ಇದು ಜನರನ್ನು ಆಚೆ ದಡಕ್ಕೆ ದಾಟಿಸುವ ಅಬ್ರಾ ದೋಣಿ ಬಂದು ನಿಲ್ಲುವ ಕಟ್ಟೆ. ನಾನು ಹೇಳಿದ ದಕ್ಕೆ ಅಬುಧಾಬಿಯದ್ದು. ಸಮುದ್ರದೊಳಗೆ ಉದ್ದಕ್ಕೆ ಹೋಗ್ತದೆ. ದೋಣಿಗಲ್ಲ, ಸುಮ್ಮನೆ ನಡೆಯಲಿಕ್ಕೆ. "ಪಿಯರ್, ಅಜ್ಜ." ಹಾಂ, ಅದೇ. ಒಂದು ಹೋಟೆಲಿನವರು ಕಟ್ಟಿಸಿದ್ದು. ಇಂಜಿನಿಯರ್ ಇಂಗ್ಲೆಂಡಿನ ಮುದುಕ. ಅವನ ಊರಿನಲ್ಲಿ ಹಾಗೇ ಒಂದು ಉಂಟಂತೆ, ವಿಕ್ಟೋರಿಯಾ ರಾಣಿಯ ಕಾಲದ್ದು.

ನಿಮ್ಮ ಅಜ್ಜಿ ತೀರಿಹೋದದ್ದು ಆ ಕೆಲಸದ ನಡುವೆ. ಊರಿಗೆ ಹೋದೆ. ಕ್ರಿಯೆ ಮುಗಿಸಿದೆ. ಬಂದೆ. ಹಮ್ದಾನ್ ಸ್ಟ್ರೀಟಿನ ಹಿಂದೆ ರೂಮು, ಮಂಚದ ಮೇಲೆ ಮಂಚ. ಬಡಗಿಗಳ ಮೇಸ್ತ್ರಿ ನಾನು. ನಾನಿಲ್ಲದಾಗ ನಮ್ಮವರು ಹಲಗೆ ಹಾಸಿ ಮುಗಿಸಿದ್ರು. ಮುದುಕನೂ ರಜೆಯಲ್ಲಿದ್ದ. ಎಲ್ಲ ಮಲ್ಪೆ, ಭಟ್ಕಳದವರು, ಮರದ ಹಡಗು ಕಟ್ಟಿ ಕೈ ಪಳಗಿದವರು. ನಕ್ಷೆಯಲ್ಲಿ ಹಲಗೆ ಹಲಗೆಯ ನಡುವೆ ಸಂದು ಬಿಡಬೇಕು ಅಂತ ಇತ್ತು. ಹಡಗಿನವರಿಗೆ ಸಂದು ಕಂಡರೆ ಕೈ ಸುಮ್ಮನಿರುವುದಿಲ್ಲ ನೋಡಿ. ಎಣ್ಣೆಯಲ್ಲಿ ನೆನೆಸಿದ ಹತ್ತಿ ಬಡಿದು ಬಡಿದು ಮುಚ್ಚಿದ್ದಾರೆ. ಭಟ್ಕಳದ ಹಮೀದ್ ಕರ್ಕೊಂಡು ಹೋಗಿ ತೋರಿಸಿದ, "ನೋಡಿ ಗಿರಿಯಣ್ಣ, ಒಂದು ಹನಿ ನೀರು ಮೇಲೆ ಬರ್ಲಿಕ್ಕಿಲ್ಲ!"

ಆ ವಾರವೇ ಶಮಾಲ್ ಎದ್ದಿತು, ಬಡಗಣದಿಂದ ಬೀಸುವ ಅಲ್ಲಿನ ಬಿರುಗಾಳಿ. ಅಲೆ ಕೆಳಗಿಂದ ಗುದ್ದಿತು. ನೀರಿಗೆ ದಾರಿ ಇಲ್ಲ, ಹಲಗೆಯನ್ನೇ ಎತ್ತಿ ಬಿಸಾಡಿತು. ತುದಿಯದ್ದೆಲ್ಲ ಹೋಯ್ತು. ಕಂಬ ಮಾತ್ರ ನಿಂತಿತ್ತು. ಫೋರ್ಮನ್ ಕೂಗಿದ, "ಖಲಾಸ್! ಎಲ್ಲರೂ ಊರಿಗೆ!" ಪೆಟ್ಟಿಗೆ ಕಟ್ಟಲಿಕ್ಕೆ ಶುರು ಮಾಡಿದ್ರು. "ನೀವೂ ಹೊರಡಿ ಅಣ್ಣ" ಅಂದ ಹಮೀದ್. ಎಲ್ಲಿಗೆ? ಊರಿನಲ್ಲಿ ಬಾಗಿಲು ತೆಗೆಯುವವಳು ಇಲ್ಲ. ಸೀದಾ ಮುದುಕನ ಹತ್ರ ಹೋದೆ. ಆಗಷ್ಟೇ ರಜೆ ಮುಗಿಸಿ ಬಂದಿದ್ದ. ನನ್ನ ಹಿಂದಿ, ಅವನ ಹಿಂದಿ, ಎರಡೂ ಅಷ್ಟಕ್ಕಷ್ಟೇ. "ಮತ್ತೆ ಹಾಕ್ತೇವೆ ಸಾಹೇಬ್ರೆ. ನೀವು ಹೇಳಿದ ಹಾಗೆ."

ಅವ ಬೈಯಲಿಲ್ಲ. ಮೊಬೈಲಿನಲ್ಲಿ ಅವನ ಊರಿನ ದಕ್ಕೆಯ ಹಳೇ ಫೋಟೋ ತೋರಿಸಿದ. ಮೊದಲು ಸ್ಟೀಮರಿನಿಂದ ಜನ ಇಳಿಯಲಿಕ್ಕೆ ಕಟ್ಟಿದ್ದಂತೆ. ಆಮೇಲೆ ಸಮುದ್ರದ ಗಾಳಿಗೆ ತಿರುಗಾಡಲಿಕ್ಕೆ, ಬ್ಯಾಂಡು ಕೇಳಲಿಕ್ಕೆ. ಒಮ್ಮೆ ಬಿರುಗಾಳಿ ಹಲಗೆ ಕಿತ್ತಿತು. ಒಮ್ಮೆ ಹಡಗು ಬಂದು ನಡುವಿಗೇ ಹೊಡೆಯಿತು, ಆಮೇಲೆ ಬೆಂಕಿ ಬಿತ್ತು. ಅಲ್ಲ, ಬೆಂಕಿ ಮೊದಲು, ಹಡಗು ಆಮೇಲೆ. ಪ್ರತಿ ಸಲ ಊರಿನವರು ಮತ್ತೆ ಹಲಗೆ ಹೊಡೆದ್ರಂತೆ. "ಕಂಬ ಉಂಟಲ್ಲ?" ಅಂದ. "ಯಲ್ಲಾ." ಅಂದ್ರೆ, ನಡೀರಿ, ಶುರು ಮಾಡಿ.

ಎಲ್ಲರ ಪೆಟ್ಟಿಗೆ ಬಿಚ್ಚಿಸಿದೆ. ಉಳಿದ ಹತ್ತಿ ಕಿತ್ತೆವು. ಹಲಗೆಗೂ ಹಲಗೆಗೂ ನಡುವೆ ಪೆನ್ಸಿಲ್ ಇಟ್ಟು ಸಂದು ಬಿಟ್ಟೆವು. ಹಮೀದ್‌ಗೆ ನೋಡಿ ತಡೆಯಲಿಲ್ಲ. "ಇದೆಂತ ದಕ್ಕೆ ಮಾರಾಯ್ರೆ, ಜರಡಿ!"

ಮತ್ತೆ ಗಾಳಿ ಬಂತು. ನಾವು ಹಲಗೆಯ ಮೇಲೆಯೇ ನಿಂತೆವು. ಸಂದಿಯಿಂದ ನೀರು ಚಿಮ್ಮಿತು, ಮುಖಕ್ಕೆ, ಪ್ಯಾಂಟಿಗೆ. ಹಲಗೆ ಒಂದೂ ಏಳಲಿಲ್ಲ. ಹಮೀದ್ ಕುಣಿದ. ಊರಿನಲ್ಲಿ ಚಿತೆಯ ಎದುರು ಬಾರದ ಅಳು ನನಗೆ ಅಲ್ಲಿ ಬಂತು. ಎಲ್ಲರ ಎದುರೇ ಅತ್ತೆ. ಅತ್ತು, ಊಟ ಮಾಡಿದೆ. ಮರುದಿನ ರೇಲಿಂಗ್ ಕೆಲಸಕ್ಕೆ ಹೋದೆ.

ಅಳು ಬಂದ್ರೆ ತಡೀಬೇಡಿ. ಕೆಲಸವನ್ನೂ ಬಿಡಬೇಡಿ. ಅಷ್ಟೇ.