ಹಗೇವಿಗೆ ಬಿಟ್ಟ ದೀಪ

ನಗೋರು ಈಗಲೇ ನಕ್ಕುಬಿಡಿ. ಆಮೇಲೆ ನಗಬೇಡಿ. ಯಾಕಂದ್ರೆ ಇದು ನಮ್ಮ ದೊಡ್ಡಪ್ಪನ ಮಗ ಬೈರೇಶನಿಗೆ ಆಗಿದ್ದು, ಹೋದ ಕಾರ್ತೀಕದಲ್ಲಿ.

ಬಾಶೆಟ್ಟಿಹಳ್ಳಿ ಫ್ಯಾಕ್ಟರೀಲಿ ಸೆಕೆಂಡ್ ಶಿಫ್ಟ್ ಮುಗಿಸಿ ಅವನು ಬಸ್ ಇಳಿಯೋ ಹೊತ್ತಿಗೆ ರಾತ್ರಿ ಹನ್ನೊಂದೂವರೆ. ಅಲ್ಲಿಂದ ಊರಿಗೆ ನಡೀಬೇಕು. ದಾರೀಲಿ ಆಲದ ಮರ. ಅದರ ಪಕ್ಕ ಅವರದೇ ಹಳೇ ಕಣ, ಕಣದಲ್ಲಿ ಹಗೇವು. ನೆಲದೊಳಗೆ ರಾಗಿ ತುಂಬೋ ಗುಂಡಿ ಅದು. ಬಾಯಿ ಒಬ್ಬ ಆಳು ನುಗ್ಗುವಷ್ಟು, ಒಳಗೆ ಗುಡಾಣದ ಹಾಗೆ ಅಗಲ. ಮೂರು ತಿಂಗಳಿಂದ ಅದರ ಬಾಯಿಗೆ ಚಪ್ಪಡಿ ಎಳೆದಿದ್ರು. ಅದರೊಳಗೆ ಮುನೀಂದ್ರ ಸತ್ತಿದ್ದ.

ಮುನೀಂದ್ರ ಪಕ್ಕದ ಮನೆಯವನು, ಬೈರೇಶನ ಜೊತೆ ಒಂದನೇ ಕ್ಲಾಸಿಂದ ಓದಿದವನು. ರಾಗಿ ತೆಗೆಯೋಕೆ ಅವನನ್ನ ಕರೆದಿದ್ದೂ ಬೈರೇಶನೇ. ಬೈರೇಶನ ಅಪ್ಪ ಗೋಪಾಲಪ್ಪ ಬೆಳಗ್ಗೆಯೇ ಹೇಳಿದ್ದ: "ಮೊದ್ಲು ಲಾಟೀನು ಇಳಿಬಿಟ್ಟು ನೋಡ್ರೋ. ಕಾಳೂ ಉಸಿರಾಡ್ತದೆ. ಮುಚ್ಚಿಟ್ರೆ ಒಳಗಿರೋ ಒಳ್ಳೆ ಗಾಳಿಯೆಲ್ಲ ಎಳ್ಕೊಂಡು ಕೆಟ್ಟ ಗಾಳಿ ಬಿಟ್ಟಿರ್ತದೆ. ಅದು ಭಾರ, ತಳದಲ್ಲೇ ಕೂತಿರ್ತದೆ. ದೀಪ ಆರಿದ್ರೆ ಇಳೀಬೇಡಿ."

ಈ ಕಾಲದಲ್ಲಿ ಸೀಮೆಎಣ್ಣೆ ಎಲ್ಲಿಂದ ತರೋದು? ಎರಡು ಗಂಟೆಗೆ ಶಿಫ್ಟು ಬೇರೆ. ಬೈರೇಶ ಮೊಬೈಲಿನ ಟಾರ್ಚ್ ಹಾಕಿ, ಹಗ್ಗಕ್ಕೆ ಕಟ್ಟಿ ಇಳಿಬಿಟ್ಟ. ತಳ ಮುಟ್ಟಿದ್ರೂ ಬೆಳಕು ಹಂಗೇ ಇತ್ತು. ಟಾರ್ಚಿಗೆ ಗಾಳಿ ಯಾಕೆ ಬೇಕು ಹೇಳಿ! ಅಷ್ಟೂ ಹೊಳೀಲಿಲ್ಲ ಅವನಿಗೆ. ಕೈಕಾಲು ತೊಳೆದು ಬಂದ ಮುನೀಂದ್ರ ಕೇಳಿದ: "ದೀಪ ಉರೀತಾ ಐತೇನ್ಲಾ?"

"ಉರೀತೈತೆ, ಇಳಿ."

ಇಳಿದವನು ಮೇಲೆ ಬರಲಿಲ್ಲ. ಬೈರೇಶ ಕಿರುಚಿದ. ಜನ ಓಡಿ ಬರೋದರೊಳಗೆ ಹಗ್ಗ ಎಳೆದು ಮೊಬೈಲನ್ನ ಜೇಬಿಗೆ ಹಾಕ್ಕೊಂಡ. "ಲಾಟೀನು ಬಿಟ್ಟಿದ್ದೆ, ಆರ್ಲಿಲ್ಲ," ಅಂದ. ದೀಪ ಆರಲಿಲ್ಲ ಅಂದ ಮೇಲೆ ಇನ್ನೇನು, ಕುಡಿದು ಇಳಿದು ಬಿದ್ದವ್ನೆ ಅಂತ ಊರೇ ತೀರ್ಮಾನ ಮಾಡ್ತು. ಮುನೀಂದ್ರನ ಹೆಂಡತಿ ಪವಿತ್ರ, "ನನ್ನ ಗಂಡ ಒಂದು ತೊಟ್ಟೂ ಮುಟ್ಟೋನಲ್ಲ," ಅಂತ ಕಂಡಕಂಡವರ ಹತ್ತಿರ ಹೇಳ್ಕೊಂಡು ಅತ್ತಳು. ಬೈರೇಶ ಅದನ್ನೂ ಕೇಳಿಸ್ಕೊಂಡ. ಆದ್ರೂ ಬಾಯಿ ಬಿಡ್ಲಿಲ್ಲ.

ಕಾರ್ತೀಕದ ಆ ರಾತ್ರಿ ಬಸ್ ಇಳಿದು ಆಲದ ಮರದ ಹತ್ತಿರ ಬಂದ. ಒಂದು ಎಲೆ ಅಲ್ಲಾಡ್ತಿಲ್ಲ. ಜೀರುಂಡೆ ಸದ್ದೂ ನಿಂತುಹೋಯ್ತು... ಜರ್... ಜರ್... ಕಲ್ಲಿನ ಮೇಲೆ ಹಗ್ಗ ಉಜ್ಜೋ ಸದ್ದು. ಆಮೇಲೆ ಚಪ್ಪಡಿ ಅಡಿಯಿಂದ, ಮೆತ್ತಗೆ...

"ಬೈರೇಶಾ... ದೀಪ ಉರೀತಾ ಐತೇನ್ಲಾ?"

ಮೊಬೈಲ್ ಟಾರ್ಚ್ ಹಾಕೋದನ್ನ ಅವನು ಬಿಟ್ಟು ಮೂರು ತಿಂಗಳಾಗಿತ್ತು. ಬೀಡಿಗೆ ಅಂತ ಇಟ್ಟಿದ್ದ ಬೆಂಕಿಪೊಟ್ಟಣ ತೆಗೆದು ಕಡ್ಡಿ ಗೀರಿದ. ಚರ್... ಹತ್ತಿತು. ದಾರಿ ನೋಡೋಕೆ ಸೊಂಟದ ಮಟ್ಟಕ್ಕೆ ಇಳಿಸಿದ. ಪುಸ್... ಆರಿತು. ಇನ್ನೊಂದು ಗೀರಿದ. ಅದು ಎದೆ ಹತ್ತಿರವೇ ಆರಿತು. ಮೂರನೇದು ಗದ್ದದ ಹತ್ತಿರ. ತೊಟ್ಟಿಗೆ ನೀರು ತುಂಬೋ ಹಾಗೆ ಏನೋ ಮೇಲೇರ್ತಾ ಇತ್ತು. ತಲೆ ಗಿರ್ ಅಂತು. ಎಷ್ಟು ಎಳೆದ್ರೂ ಉಸಿರು ಸಾಲದು.

"ಇಲ್ಲ ಕಣೋ! ದೀಪಾನೇ ಬಿಡ್ಲಿಲ್ಲ ಕಣೋ! ಮೊಬೈಲ್ ಬಿಟ್ಟಿದ್ದೆ!"

"...ಪವಿತ್ರಂಗೆ ಹೇಳು."

ಉಸಿರು ಬಂತು. ಎದ್ದೆನೋ ಬಿದ್ದೆನೋ ಅಂತ ಓಡಿದ.

ಊರಲ್ಲಿ ಕರೆಂಟ್ ಇರ್ಲಿಲ್ಲ. ಪವಿತ್ರ ಮೇಣದಬತ್ತಿ ಹಿಡ್ಕೊಂಡು ಬಾಗಿಲು ತೆಗೆದಳು.

"ಯಾಕಣ್ಣ, ಈ ಹೊತ್ನಲ್ಲಿ?"

ಅವಳ ಮುಖ ನೋಡಿದ್ದೇ ತಡ, ಧೈರ್ಯ ಕೈಕೊಡ್ತು. ಥೂ, ಎಂಥಾ ಹೇಡಿ ನಮ್ಮೋನು! "ಏನಿಲ್ಲಮ್ಮ... ಸುಮ್ನೆ. ಊಟ ಆಯ್ತಾ ಅಂತ..."

ಪುಸ್... ಮೇಣದಬತ್ತಿ ಆರಿತು. ಗಾಳಿ ಇರ್ಲಿಲ್ಲ.

ಆ ಕತ್ತಲಲ್ಲೇ ಎಲ್ಲಾ ಹೇಳಿದ. ಅವಳು ಅಳಲಿಲ್ಲ, ಬೈಯಲಿಲ್ಲ. ಇಷ್ಟೇ ಅಂದಳು: "ನನ್ನ ಮಗಳು ಕುಡುಕನ ಮಗಳು ಅನ್ನಿಸ್ಕೊಂಡು ಸ್ಕೂಲಿಗೆ ಹೋಗ್ತಾವ್ಳೆ. ಬೆಳಗ್ಗೆ ಊರ ಮುಂದೆ ಹೇಳು."

ಹೇಳಿದ. ಡೈರಿ ಮುಂದೆ, ಎಲ್ಲರೂ ಹಾಲು ಹಾಕೋಕೆ ನಿಂತಿದ್ದಾಗ, ಅಪ್ಪನ ಎದುರಿಗೇ. ಗೋಪಾಲಪ್ಪ ಅವತ್ತಿಂದ ಮಗನ ಜೊತೆ ಮಾತಾಡಿಲ್ಲ. ಸೈನ್ಸ್ ಮೇಷ್ಟ್ರು ಜಯಕುಮಾರ್ ಮಾತ್ರ, "ಹಗೇವಲ್ಲಿ ದೀಪ ಆರೋದು ನಿಜ. ಆದ್ರೆ ಬಯಲಲ್ಲಿ ಆ ಗಾಳಿ ಹಂಗೆ ನಿಲ್ಲಲ್ಲಪ್ಪ, ಕೈ ನಡುಗಿ ಕಡ್ಡಿ ಆರಿರುತ್ತೆ," ಅಂದ್ರು. ಇರಬಹುದು, ಓದಿದೋರು.

ಆದ್ರೆ ಬೈರೇಶನ ಮನೇಲಿ ದೇವರ ದೀಪ ಈಗಲೂ ಎತ್ತರದ ಸ್ಟೂಲಿನ ಮೇಲೆ ಇರುತ್ತೆ. ನೆಲದ ಮೇಲಿಟ್ರೆ ಆರುತ್ತೆ. ಸುಳ್ಳು ಅಂದ್ಕೊಂಡು ನಾನೇ ಹೋಗಿದ್ದೆ. ಬೈರೇಶನ ಪಕ್ಕದಲ್ಲೇ ಕೂತು, ಕಿಟಕಿ ಬಾಗಿಲು ಮುಚ್ಚಿ, ಎಣ್ಣೆ ತುಂಬಿಸಿ, ನೆಲದ ಮೇಲಿಟ್ಟು ಮೂರು ಸಲ ಹಚ್ಚಿದೆ. ನಮ್ಮಮ್ಮನಾಣೆ... ಮೂರು ಸಲವೂ ಆರಿತು.

ಬೈರೇಶ ಎದ್ದು ಹೊರಗೆ ಹೋದ. ಅದೇ ನೆಲದ ಮೇಲೆ ನಾಲ್ಕನೇ ಸಲ ಹಚ್ಚಿದೆ. ನೆಟ್ಟಗೆ ನಿಂತು ಉರೀತು.