ಅಡುಗೆಮನೆಗೆ ಬಂದ ಗಿರಾಕಿಗಳು

ಮಧ್ಯಾಹ್ನದ ಬಸ್ಸಿನಲ್ಲಿ ನನ್ನ ಮುಂದಿನ ಸೀಟಿನ ಟೈಲರಮ್ಮ ಅಂಗಡಿಯಿಂದ ಮನೆಗೆ ಹೊರಟಿದ್ದಳು; ಪಕ್ಕದಲ್ಲಿದ್ದ ತಮ್ಮನ ಅಳತೆಯನ್ನು ಮಾತಿನಲ್ಲೇ ತೆಗೆಯುತ್ತಿದ್ದಳು.

"ನಿನ್ನೆನೇ ಅಂಗಡೀನ ಫೋನಿನ ಮ್ಯಾಪಿಗೆ ಹಾಕಿದೆ ಅಂದ್ಯಲ್ಲೋ! ಬೆಳಗ್ಗಿಂದ ನೊಣ ಹೊಡೆದಿದ್ದೇ ಬಂತು. ಹೀಗಾದ್ರೆ ತಿಂಗಳ ಕೊನೆಗೆ ಬಾಗಿಲು ಹಾಕೋದೇ."

"ಹಾಕಿದೀನಕ್ಕಾ. ನೀವೀಗ ಇರೋ ಜಾಗಾನೇ ಅಂಗಡಿಯಾ ಅಂತ ಫೋನ್ ಕೇಳ್ತು, ಹೂಂ ಅಂದೆ."

"ಆಗ ಎಲ್ಲಿದ್ದೆ?"

"ಮನೇಲಿ... ಹಾಸಿಗೇಲಿ."

"ಅಯ್ಯೋ ಕುಂಭಕರ್ಣ!"

ಅಷ್ಟರಲ್ಲಿ ಅವಳ ಫೋನು ಬಡಿದುಕೊಂಡಿತು. ಅಮ್ಮನ ದನಿ ಇಡೀ ಬಸ್ಸಿಗೆ ಕೇಳಿಸಿತು.

"ಯಾರ್ಯಾರೋ ಬಟ್ಟೆ ಹಿಡ್ಕೊಂಡು ಅಡುಗೆಮನೆಗೇ ಬರ್ತಿದಾರೆ ಕಣೇ! ನಾನೇ ಅಳತೆ ತಗೊಂಡೆ. ಇನ್ನೂ ಮೂವರು ಕೂತಿದಾರೆ."

"ಬಿಡಬೇಡಮ್ಮಾ, ಬಂದೆ!"

"ಈಗ್ಲೇ ಸರಿಮಾಡ್ತೀನಿ ಅಕ್ಕಾ, ಮ್ಯಾಪಿನ ಗುರುತನ್ನ ಅಂಗಡಿಗೆ ಎಳೀತೀನಿ."

"ಮುಟ್ಟಿದ್ರೆ ಕೈ ಮುರೀತೀನಿ. ಹೋಗಿ ಮೆಷೀನನ್ನೇ ಮನೆಗೆ ಎಳ್ಕೊಂಡು ಬಾ!"

ಮುಂದಿನ ಸ್ಟಾಪಿನಲ್ಲಿ ತಮ್ಮ ಇಳಿದು ಅಂಗಡಿಯತ್ತ ವಾಪಸ್ ಓಡಿದ. ಅದರ ಮುಂದಿನ ಸ್ಟಾಪಿನಲ್ಲಿ ಅಕ್ಕ ಮನೆಯತ್ತ ಜಿಗಿದಳು, ಬಸ್ಸು ಪೂರ್ತಿ ನಿಲ್ಲುವ ಮೊದಲೇ.